ಎಡದ ತೋಳು, ಅರ್ಧ ಇಂಚು ಕಮ್ಮಿ

ಇಂಟರ್‌ವಲ್ಲಿಗೆ ಮುಂಚೆ ಅವಳು ಮೆಟ್ಟಿಲಿಳಿದು ಬರುತ್ತಾಳೆ, ನಿಧಾನ.
ಸೆರಗು ಹಾರಲೆಂದೇ ಎಲ್ಲೋ ಒಂದು ಫ್ಯಾನು ಇಟ್ಟಿದ್ದಾರೆ.
ಭದ್ರಾವತಿಯ ಬಾಲ್ಕನಿ ಶಿಳ್ಳೆ ಹೊಡೆಯುತ್ತದೆ.
ನಾನು ನೋಡುವುದು ತೋಳು.
ಎರಡೂ ಸಮ.
ಕಟಿಂಗ್ ಕೆಟ್ಟದ್ದಲ್ಲ, ಹೊಲಿದವನು ಬಲ್ಲವನೇ.
ಆದರೆ ಹಾಲಮ್ಮನದು
ಎಡದ ತೋಳು ಅರ್ಧ ಇಂಚು ಕಮ್ಮಿ ಇತ್ತು.

ಇಪ್ಪತ್ತೊಂದು ವರ್ಷ ಅವಳ ರವಿಕೆ ಹೊಲಿದೆ.
ಗ್ಯಾನೋಬಾ ಟೈಲರ್, ಹಳೇ ಸೇತುವೆ ಪಕ್ಕ,
ಸೈಕಲ್ ಶಾಪಿನ ಮೇಲಿನ ಅಟ್ಟ.
ಕೈ ಯಾರು ಮುರಿದದ್ದು ಅಂತ ನಾನು ಕೇಳಿದವನಲ್ಲ.
ಒಂದು ಮಧ್ಯಾಹ್ನ ತಾನಾಗಿ ಹೇಳಿದಳು:
"ಇದೇ ಮನೇಲಿ. ಆಗ ಯಜಮಾನಿ ಬೇರೆಯವಳು."
ಬಿದ್ದ ಟೇಪು ಎತ್ತಿ ಕೊಟ್ಟಳು.
ನಾನು ಬೆನ್ನಿನ ಅಳತೆ ಬರೆದುಕೊಂಡೆ.

ಪರದೆಯ ಮೇಲೆ ಸೊಂಟದಲ್ಲಿ ಬೀಗದ ಕೈ ಝಣಝಣ.
ಅವಳು ಎದೆಯೊಳಗೆ ಕಳ್ಳಜೇಬು ಹೊಲಿಸುತ್ತಿದ್ದಳು, ಎರಡು ಪದರ.
ಸದ್ದು ಮಾಡೋ ಬೀಗದ ಕೈ ಹೊಸ ಸೊಸೇರಿಗಿರಲಿ, ಅನ್ನುತ್ತಿದ್ದಳು.
ಪರದೆಯ ಮೇಲೆ ಇನ್‌ಸ್ಪೆಕ್ಟರನ ಕೆನ್ನೆಗೆ ಬಾರಿಸುತ್ತಾಳೆ,
ಥಿಯೇಟರೇ ಎದ್ದು ನಿಲ್ಲುತ್ತದೆ.
ಹಾಲಮ್ಮ ಮಜ್ಜಿಗೆ ಕೊಡುತ್ತಿದ್ದಳು. ಕೊತ್ತಂಬರಿ ಹಾಕಿ.
ಲೋಟದ ಕೆಳಗೆ ಸಾಲದ ಚೀಟಿ.
ಕುಡಿದು ಎತ್ತಿದರೆ ಕಾಣುತ್ತಿತ್ತು ಸಾಹೇಬರಿಗೆ
ಸಾಹೇಬರದೇ ಸಹಿ.

ಏಳನೇ ತಾರೀಖು, ಕಾರ್ಖಾನೆಯ ಸೈರನ್ ಕೂಗಿದ ಮೇಲೆ
ಸಂಬಳದ ಲಕೋಟೆಗೆ ಊರಲ್ಲಿ ಎರಡು ದಾರಿ.
ಎಂಟನೇ ತಾರೀಖು ಹಿತ್ತಿಲ ಬಾಗಿಲಿಗೆ ಹೆಂಗಸರು:
ಅಕ್ಕಿಗೆ, ಫೀಸಿಗೆ, ಅತ್ತೆಯ ಔಷಧಿಗೆ.
ಇಲ್ಲ ಅಂದವಳಲ್ಲ. ಎಣಿಸಿ ಕೊಡುತ್ತಿದ್ದಳು
ಅವರವರ ಗಂಡಂದಿರದೇ ನೋಟು,
ನೂರಕ್ಕೆ ಐದು ಬಡ್ಡಿ.
ಸಿನಿಮಾದಲ್ಲಿ ಕೊಡುವುದಿದೆ, ಪಿಟೀಲಿದೆ,
ಕಾಲಿಗೆ ಬೀಳುವ ಮುದುಕಿಯೂ ಇದ್ದಾಳೆ.
ಬಡ್ಡಿ ಇಲ್ಲ.

ಹೋದ ದೀಪಾವಳಿಗೆ ಡೈರೆಕ್ಟರ್ ಹುಡುಗ ಬಂದಿದ್ದ.
ಸಂಭಾವಿತ. ಚಪ್ಪಲಿ ಕೆಳಗೇ ಬಿಟ್ಟು ಅಟ್ಟ ಹತ್ತಿದ.
"ಹಳೇ ಅಳತೆ ಪುಸ್ತಕ ಇದೆಯಾ, ಅಜ್ಜ?"
ಇತ್ತು. ಕೊಟ್ಟೆ.
ಒಂದು ಹಾಳೆ ಕಿತ್ತುಕೊಂಡು ಕೊಟ್ಟೆ.

ಆ ಹಾಳೆಯಲ್ಲಿ ರವಿಕೆ ಇಲ್ಲ.
ಲಂಗ. ಉದ್ದ ಇಪ್ಪತ್ತೆಂಟು.
ಹೆಸರಿನ ಜಾಗದಲ್ಲಿ ಬರೀ ಗೆರೆ.
ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ನಿಂತಿತ್ತು,
ಟೇಪು ಪಾದಕ್ಕೆ ತಾಗಿದಾಗ ಕಚಗುಳಿಯಾಗಿ ನಕ್ಕಿತು.
"ಕೆಳಗೆ ಮೂರು ಮಡಿಕೆ ಇಡು, ಗ್ಯಾನೋಬಾ,
ಬೆಳೆಯೋ ಕೂಸು" ಅಂದಳು ಹಾಲಮ್ಮ.
ದನಿ ಮೆತ್ತಗಿತ್ತು, ತಾಯಿಯದರ ಹಾಗೆ.
ಆ ಮಾತಿಗೇ ನನ್ನ ಕರುಳು ಹಿಂಡಿತು ಅನ್ನಬಹುದಿತ್ತು.
ಸುಳ್ಳು.
ಮೂರು ಮಡಿಕೆ ಇಟ್ಟೆ. ದುಡ್ಡು ಎಣಿಸಿಕೊಂಡೆ.
ಉಳಿದ ತುಂಡಿನಲ್ಲಿ, ಅದೇ ಥಾನು, ಹಸಿರು ಚುಕ್ಕಿ,
ನನ್ನ ಮಗಳಿಗೊಂದು ಲಂಗ ಹೊಲಿದೆ.
ಊರ ಜನ ಚಂದ ಅಂದರು.

ಮಡಿಕೆ ಬಿಚ್ಚಿಸಲು ಬಂದದ್ದು ಎರಡು ಸಲ.
ಎರಡನೇ ಸಲ ಟೇಪು ತಾಗಿದರೆ ನಗಲಿಲ್ಲ.
ಮೂರನೆಯದು ಹಾಗೇ ಉಳಿಯಿತು.
ಹಾಲಮ್ಮನನ್ನು ನಾನು ಕೇಳಲಿಲ್ಲ,
ಕೇಳದೆ ಇರುವುದರಲ್ಲಿ ನನಗೆ ಒಳ್ಳೇ ಹೆಸರಿತ್ತು.

ಕೊನೆಗೆ ಚಿತೆ, ಸಾವಿರ ಜನ, ದೋಣಿಗಳು, ಹೂವು.
ಭದ್ರಾ ನದಿ ಅಷ್ಟು ಅಗಲ ಯಾವತ್ತೂ ಇರಲಿಲ್ಲ.
ನಾನೂ ಹೋಗಿದ್ದೆ ಅವತ್ತು: ಒಟ್ಟು ಆರು ಜನ,
ಅದರಲ್ಲಿಬ್ಬರು ಸಾಲಗಾರರು,
ಖಾತ್ರಿ ಮಾಡಿಕೊಳ್ಳಲು ಬಂದವರು.
ಆಮೇಲೆ ಬಿಳಿ ಅಕ್ಷರ:
ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ.

ದೀಪ ಹತ್ತಿತು. ಪಕ್ಕದ ಸೀಟಿನ ಹುಡುಗ ಕೇಳಿದ,
"ತಾತ, ನೀವು ಅವರನ್ನ ನೋಡಿದ್ರಂತೆ. ಹಿಂಗೇ ಇದ್ರಾ?"
ಜೇಬಿನಲ್ಲಿ ಆ ಹಾಳೆ, ನಾಲ್ಕು ಮಡಿಕೆ.
"ಎಡದ ತೋಳು" ಅಂದೆ,
"ಅರ್ಧ ಇಂಚು ಕಮ್ಮಿ."
ಅಷ್ಟನ್ನೇ ಅಂದೆ.