ಎರಡು ಬೆರಳಿನ ಸಂದು

ಅಪ್ಪನಿಗೆ ಬಹಿಷ್ಕಾರವಾದದ್ದು ನಾಲ್ಕು ರಬ್ಬರ್ ಗಾಲಿಗಳಿಗಾಗಿ.

ನಮ್ಮದು ಮೆನ್ನೊನೈಟರ ಕಾಲೊನಿ, ಬೊಲಿವಿಯಾದ ಬಯಲಲ್ಲಿ.
ಅಲ್ಲಿ ಟ್ರ್ಯಾಕ್ಟರಿಗೆ ಉಕ್ಕಿನ ಚಕ್ರವೇ ಇರಬೇಕು, ಹಲ್ಲುಹಲ್ಲಿನದು.
ರಬ್ಬರಾದರೆ ಮೆತ್ತಗೆ ಓಡುತ್ತದೆ,
ಮೆತ್ತಗೆ ಓಡುವುದು ಪೇಟೆಗೆ ಓಡುತ್ತದೆ,
ಪೇಟೆಗೆ ಓಡಿದ್ದು ನೆಟ್ಟಗೆ ನರಕಕ್ಕೆ.
ಅಕ್ಷರ ಕಲಿಯುವ ಮೊದಲೇ ಇಷ್ಟು ನಮಗೆ ಬಾಯಿಪಾಠ.

ಆಗಸ್ಟ್. ನೆಲ ಬಿರಿದು ಕಲ್ಲಾಗಿತ್ತು.
ಪಕ್ಕದ ಫೇರ್ ಮನೆಯ ಕಿರಿಯ, ಬೆರ್ನ್‌ಹಾರ್ಟ್,
ಜ್ವರದಲ್ಲಿ ಬಿಲ್ಲಿನಂತೆ ಬಾಗಿದ್ದ.
ಉಕ್ಕಿನ ಚಕ್ರ ಒಂದು ಸಲ ಕುಲುಕಿದರೆ ಒಂದು ಚೀತ್ಕಾರ.
ಬೇರೆಯವರ ಲಾರಿಯಲ್ಲಿ ಕೂರಬಹುದು, ಅದಕ್ಕೆ ಪಾಪವಿಲ್ಲ,
ಆದರೆ ಹಾಲಿನ ಲಾರಿಯ ಎಯುಸೆಬಿಯೊ
ಆ ರಾತ್ರಿ ತಂಗಿಯ ಮದುವೆಯಲ್ಲಿ ಕುಣಿಯುತ್ತಿದ್ದ.

ಕೊಟ್ಟಿಗೆಯ ಮೂಲೆಯಲ್ಲಿ, ತಾಡಪಾಲಿನ ಕೆಳಗೆ,
ಹೊಸ ಟ್ರ್ಯಾಕ್ಟರಿನಿಂದ ಕಳಚಿಟ್ಟ ಗಾಲಿಗಳಿದ್ದವು,
ಮಾರಾಟಕ್ಕೆ ಕಾದು.
ಅಪ್ಪ ತಾಡಪಾಲು ಎಳೆದ ಸದ್ದು
ನನಗೆ ಇವತ್ತಿಗೂ ಕೇಳುತ್ತದೆ.
ಲಾಟೀನು ಹಿಡಿದವಳು ನಾನು. ಎಂಟು ವರ್ಷ.
ಬೋಲ್ಟು ಬಿಗಿಯುತ್ತಾ ಅಪ್ಪ ಪ್ರಾರ್ಥಿಸಲಿಲ್ಲ, ಬೈದ,
ಯಾರನ್ನೆಂದು ಗೊತ್ತಾಗಲಿಲ್ಲ.

ಹುಡುಗ ಬದುಕಿದ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು ಅಷ್ಟೆ.

ಭಾನುವಾರ ಬೋಧಕ ತೈಕ್ರೋಬ್ ಬಂದರು,
ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.
ಸಭೆಯ ಮುಂದೆ ಮಂಡಿಯೂರು, ಕೊರ್ನೆಲಿಯುಸ್,
ತಪ್ಪಾಯಿತೆನ್ನು, ಒಂದೇ ಮಾತು.
ಅಪ್ಪ ಬಹಳ ಹೊತ್ತು ಅವರ ಟೋಪಿಯನ್ನೇ ನೋಡಿದ.
‘ಮಂಡಿಯೂರುತ್ತೇನೆ.
ಕುದುರೆಗೆ ಹೊಡೆದದ್ದಿದೆ, ಹೆಂಡತಿಗೆ ಒರಟು ಮಾತಾಡಿದ್ದಿದೆ,
ತಮ್ಮನ ಪಾಲಿನಲ್ಲಿ ಎರಡು ಎಕರೆ ಒತ್ತರಿಸಿದ್ದಿದೆ,
ಅದನ್ನು ನೀವು ಯಾರೂ ಕೇಳಿಲ್ಲ.
ಆ ಹುಡುಗ ಉಸಿರಾಡುವುದಕ್ಕೆ ಮಾತ್ರ
ತಪ್ಪಾಯಿತೆನ್ನಲು ನಾಲಿಗೆ ಹೊರಳುವುದಿಲ್ಲ.’

ಅಲ್ಲಿಗೆ ಮುಗಿಯಿತು.
ಅವನ ಕೈ ಕುಲುಕುವವರಿಲ್ಲ, ಅವನ ಹಾಲು ಕೊಳ್ಳುವವರಿಲ್ಲ.
ಹೆಂಡತಿಯೂ ಅವನ ಜತೆ ಒಂದೇ ಮೇಜಿನಲ್ಲಿ ಉಣ್ಣಬಾರದು.

ಅಮ್ಮ ತುಟಿಪಿಟಿಕ್ಕೆನ್ನಲಿಲ್ಲ.
ಅಪ್ಪನದೇ ಗರಗಸ ತಂದಳು,
ಅವಳ ಮದುವೆಗೆ ತಾತ ಮಾಡಿಕೊಟ್ಟ ಮೇಜನ್ನು
ನಟ್ಟನಡುವೆ ಕೊಯ್ದಳು.
ಕುಂಟಿದ ಎರಡು ತುದಿಗಳಿಗೂ ಹಾಲಿನ ಕ್ಯಾನು ಊರಿದಳು,
ನಡುವೆ ಎರಡು ಬೆರಳು ಜಾಗ ಬಿಟ್ಟಳು,
ತನ್ನ ಬೆರಳನ್ನೇ ಇಟ್ಟು ಅಳೆದು.
ಮೇಲೆ ಒಂದೇ ಬಟ್ಟೆ ಹಾಸಿದಳು, ನೀಲಿ ಅಂಚಿನದು.

‘ಈಗ ಎರಡು ಮೇಜು,’ ಅಂದಳು. ‘ಕೂತುಕೊಳ್ಳಿ, ಸೂಪು ಆರುತ್ತದೆ.’

ಬೋಧಕರು ಪರೀಕ್ಷೆಗೆ ಬಂದರು.
ಬಟ್ಟೆ ಎತ್ತಿ ನೋಡಿದರು, ಸಂದು ಇತ್ತು.
ಅವರ ಕಟ್ಟಳೆಯಲ್ಲಿ ಮೇಜಿನ ಮಾತಿತ್ತು,
ಬಟ್ಟೆಯ ಮಾತು ಬರೆದಿರಲಿಲ್ಲ.

ಹನ್ನೊಂದು ವರ್ಷ ಹಾಗೇ ಉಂಡೆವು.
ಚಮಚ ಆ ಸಂದಿಗೆ ಜಾರಿ ಬೀಳುತ್ತಿತ್ತು,
ರೊಟ್ಟಿಯ ಪುಡಿ ಅಲ್ಲಿಂದ ಉದುರಿ ಬೆಕ್ಕು ದಪ್ಪಗಾಯಿತು.
ಚರ್ಚಿನ ರೊಟ್ಟಿ, ದ್ರಾಕ್ಷಾರಸ ಅಪ್ಪನಿಗೆ ಸಿಗಲಿಲ್ಲ.
ಪ್ರತಿ ರಾತ್ರಿ ಅಮ್ಮ ಒಂದು ರೊಟ್ಟಿ ಮುರಿದು
ಅರ್ಧವನ್ನು ಬಟ್ಟೆಯ ಮೇಲೆ ಆ ಕಡೆಗೆ ನೂಕುತ್ತಿದ್ದಳು.
ಅದಕ್ಕೆ ಏನೆನ್ನಬೇಕೋ ನನಗೆ ಆಗ ತಿಳಿಯಲಿಲ್ಲ,
ತಿಳಿದ ಮೇಲೆ ಹೆಸರಿಡಲು ಮನಸ್ಸಾಗಲಿಲ್ಲ.

ಬೆರ್ನ್‌ಹಾರ್ಟ್ ಈಗ ತಾನೇ ಬೋಧಕ.
ಕಾಲೆಳೆಯುತ್ತಾ ಪೀಠ ಹತ್ತುತ್ತಾನೆ,
ಮೊನ್ನೆ ಮೊಬೈಲು ಇಟ್ಟುಕೊಂಡ ಇಬ್ಬರನ್ನು ಹೊರಗೆ ಹಾಕಿದ.
ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ಅಪ್ಪ ತೀರಿದ ದಿನ ಅವನು ಬಂದ.
ಯಾರೂ ತೋರಿಸದೆಯೇ ಅಪ್ಪನ ಕಡೆಯ ಕುರ್ಚಿಯಲ್ಲಿ ಕೂತ.
ಬೈಬಲು ತೆರೆಯಲಿಲ್ಲ.
ಬಟ್ಟೆ ಸವರುತ್ತಿದ್ದ ಕೈ
ನಡುವೆ, ಅದು ಜೋತ ಕಡೆ, ನಿಂತಿತು.
ಎರಡು ಬೆರಳು ಅಲ್ಲೇ ಇಟ್ಟುಕೊಂಡ,
ಒತ್ತಲಿಲ್ಲ, ತೆಗೆಯಲೂ ಇಲ್ಲ.

ಅಮ್ಮ ಅವನ ಲೋಟಕ್ಕೆ ಮತ್ತಷ್ಟು ಕಾಫಿ ಸುರಿದಳು.