ಬೇಡ

ಹಲ್ ಅನ್ನುವುದು ಒಂದು ಊರಿನ ಹೆಸರೆಂದು
ತವರಿನವರಿಗೆ ಇನ್ನೂ ನಂಬಿಕೆಯಿಲ್ಲ.
ಫೋನಿನಲ್ಲಿ ಕೇಳುತ್ತಾರೆ: ಹೇಗಿದೆ ನಿಮ್ಮ ಹಲ್ಲು?
ಇದೆ, ಅಲ್ಲಾಡುತ್ತಿಲ್ಲ, ಅನ್ನುತ್ತೇನೆ.

ಆನ್ಲಬಿ ರೋಡಿನ ಸಾಲುಮನೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಕೋಟು, ಛತ್ರಿ, ಕಸ ಹೀರುವ ಯಂತ್ರದ ನಡುವೆ
ಮೂವರಿಗೂ ಸೇರಿ ಒಂದೇ ಕಂಪ್ಯೂಟರು.
ಎಂಬತ್ತು ಪೌಂಡು ಕೊಟ್ಟು ಹಳೆಯದನ್ನು ತಂದವಳು ನಾನು,
ಆದ್ದರಿಂದ ಅಡ್ಮಿನಿಸ್ಟ್ರೇಟರೂ ನಾನೇ.
ಇಂಥ ಪದವಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೀಲಾಂಬೆ ಅಣ್ಣನ ಫೋಟೋಗಳಿಗೆಲ್ಲ ಮೀಸೆ ಬರೆದಳೆಂದು
ಫೋಲ್ಡರಿಗೆ ಬೀಗ ಹಾಕುವುದನ್ನು
ನಿಜಗುಣನಿಗೆ ಕಲಿಸಿದವಳೂ ನಾನೇ:
ಬಲಗುಂಡಿ ಒತ್ತು, ಪಟ್ಟಿ ತೆಗೆ,
ಯಾರು ಬರಬಹುದೋ ಅವರ ಹೆಸರನ್ನಷ್ಟೇ ಉಳಿಸು.
ಅವನು ತನ್ನದೊಂದನ್ನೇ ಉಳಿಸಿಕೊಂಡ.
ನಾನು ಪಕ್ಕದಲ್ಲೇ ನಿಂತು ಭೇಷ್ ಅಂದೆ.
ಆಗ ಅವನಿಗೆ ಹನ್ನೊಂದು.

ಈಗ ಹದಿನೈದು. ಫೋಲ್ಡರಿನ ಹೆಸರು ‘ಬೇಡ’.
ಅವನಿಗೆ ಬರುವ ಹತ್ತಿಪ್ಪತ್ತು ಕನ್ನಡದ ಅಕ್ಷರಗಳಲ್ಲಿ
ಆರಿಸಿ ತೆಗೆದ ಎರಡು.
ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ.

ಮಾರ್ಚಿಯಿಂದ ತಟ್ಟೆ ಹಿಡಿದು ಆ ಗೂಡಿಗೇ ಹೋಗುತ್ತಾನೆ.
ಶಾಲೆಯಿಂದ ಒಂದು ಕಾಗದ ಬಂತು, ಬಹಳ ನಯವಾದ ಕಾಗದ,
ಮನೆಯಲ್ಲಿ ಎಲ್ಲ ಸರಿಯಿದೆ ತಾನೆ, ಎಂಬಂಥದ್ದು.
ಒರಟು ಮಾತಿಗೆ ನಾನು ಅಷ್ಟೇನೂ ಹೆದರುವುದಿಲ್ಲ.

ರಾತ್ರಿ ಕೊನೆಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬಂದು
ಯೂನಿಫಾರ್ಮಿನಲ್ಲೇ ಕೂತೆ.
‘ಬೇಡ’ದ ಮೇಲೆ ಎರಡು ಸಲ ಒತ್ತಿದೆ.
ನಿಮಗೆ ಅನುಮತಿಯಿಲ್ಲ, ಅಂದಿತು ಯಂತ್ರ.
ಅದರ ಕೆಳಗೇ, ದನಿ ತಗ್ಗಿಸಿ ಕಿವಿಯಲ್ಲಿ ಹೇಳಿದ ಹಾಗೆ:
ಮುಂದುವರಿದರೆ ಶಾಶ್ವತವಾಗಿ ಸಿಗುತ್ತದೆ.

ಶಾಶ್ವತವಾಗಿ.
ನನ್ನ ಮದುವೆಯಲ್ಲೂ ಇಷ್ಟು ಧೈರ್ಯದಿಂದ
ಯಾರೂ ಆ ಮಾತು ಆಡಿರಲಿಲ್ಲ.
ಒಮ್ಮೆ ಇಣುಕಿ ಮರೆತುಬಿಡುವುದಕ್ಕೆ ಬೇರೆ ಗುಂಡಿಯಿದೆಯೇ
ಎಂದು ಹುಡುಕಿದೆ. ಇರಲಿಲ್ಲ.
ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರೆ;
ಹಸಿವಿಗೋ, ಒಳಗೆ ಹಾವು ಹೊಕ್ಕಿತೆಂಬ ದಿಗಿಲಿಗೋ,
ಬೇಲಿಯನ್ನು ಯಾರು ಕೇಳಿದರು?

ಒತ್ತಿದೆ.

ಹಸಿರು ಪಟ್ಟಿ ಕಂಬಳಿಹುಳದಂತೆ ಹರಿಯತೊಡಗಿತು
ಒಂದೊಂದು ಕಡತಕ್ಕೂ ನನ್ನ ಹೆಸರು ಬರೆದುಕೊಳ್ಳುತ್ತ.
ಆಗ, ಯಾಕೋ, ಮೂಲೆಯ ಫೋನ್ ಡಬ್ಬಿ ನೆನಪಾಯಿತು.
ನಮ್ಮೂರಿನಲ್ಲಿ ಅದು ಕೆಂಪಲ್ಲ, ಕೆನೆಯ ಬಣ್ಣ.
ಸಿಗ್ನಲ್ಲಿಗೆ ಬಸ್ಸು ನಿಂತಾಗ ಒಮ್ಮೆ ಕಂಡಿದ್ದೆ:
ಒಳಗೊಬ್ಬಳು ಅಳುತ್ತಿದ್ದಳು, ಸುತ್ತ ಗಾಜು,
ಮೂಗು ಒರೆಸಿಕೊಂಡದ್ದೂ ಕಾಣುತ್ತಿತ್ತು,
ಒಂದು ಮಾತೂ ಕೇಳಲಿಲ್ಲ.
ನಲವತ್ತು ಜನ ಕಿಟಕಿಯಿಂದ ನೋಡಿದರು.
ಹಸಿರು ಬಂತು, ಹೊರಟೆ.

ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ.

ಬೆಳಿಗ್ಗೆ ಅವನು ಪಟ್ಟಿ ಬಿಡಿಸಿಕೊಂಡು ಕೂತಿದ್ದ.
ಅರ್ಧ ಕಡತಗಳ ಮೇಲೆ ನನ್ನ ಹೆಸರು, ಉಳಿದರ್ಧದ ಮೇಲಿಲ್ಲ.
ಎಷ್ಟು ನೋಡಿದೆ?
ಬಾಗಿಲವರೆಗೆ.
ಅವನು ನಂಬಿದನೋ ಇಲ್ಲವೋ. ನಾನಾಗಿದ್ದರೆ ನಂಬುತ್ತಿರಲಿಲ್ಲ.
ಶಾಲೆಯ ಕಾಗದವನ್ನು ಮೇಜಿನ ಮೇಲಿಟ್ಟೆ.
ಓದಿದ, ಮಡಚಿದ, ಜೇಬಿಗೆ ಹಾಕಿಕೊಂಡ.
ಟೋಸ್ಟು ಸೀದುಹೋಯಿತೆಂದು ನೀಲಾಂಬೆ ಕೂಗುತ್ತಿದ್ದಳು.

ಒಂದೊಂದಾಗಿ ನನ್ನ ಹೆಸರನ್ನು ಅಳಿಸಿದ, ನನ್ನೆದುರಿಗೇ,
ನಾನೇ ಕಲಿಸಿದ ಕ್ರಮದಲ್ಲಿ.
ಕೊನೆಯದೊಂದರ ಮೇಲೆ ಹಾಗೇ ಬಿಟ್ಟ.
ಮರೆತನೋ, ಬೇಕೆಂದೇ ಬಿಟ್ಟನೋ,
ಶಾಲೆಗೆ ಹೊತ್ತಾಗಿತ್ತು.

ಅದು ಈಗಲೂ ಅಲ್ಲೇ ಇದೆ. ರಾತ್ರಿ ಬಂದು
ಅದೇ ಗೂಡಿನಲ್ಲಿ ಕೋಟು ತೂಗುಹಾಕಿ
ಆ ಕಪ್ಪು ಪರದೆಯ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ.
ಬಸ್ಸಿನಲ್ಲಾದರೆ ಎಲ್ಲಿ ನಿಲ್ಲಿಸಬೇಕೆಂದು
ಹಿಂದಿನಿಂದ ಯಾರಾದರೂ ಗಂಟೆ ಒತ್ತುತ್ತಾರೆ.