ಮೊಲದ ದನಿ

ರೈಫಲ್ಲು ಇಲ್ಲಿ ದಂಡ, ಎಂದು ಬರೆದು ತೋರಿಸಿದ
ಒನೆಸಿಮ್ ಮಾವ, ಆಲೂಗಡ್ಡೆ ಚೀಲದ ಚೀಟಿಯ ಬೆನ್ನಿಗೆ.
ಇಪ್ಪತ್ತು ಹೆಜ್ಜೆಯಾಚೆ ಲೋಕವೇ ಇಲ್ಲ ಈ ಕಾಡಿಗೆ:
ಸ್ಪ್ರೂಸ್ ಮರದಡಿ ಸ್ಪ್ರೂಸ್, ಅದರ ಕಂಕುಳಲ್ಲಿ ಇನ್ನೊಂದು ಎಳೆಯದು,
ಹಳೆ ಹಿಮದ ಮೇಲೆ ನಿನ್ನೆ ರಾತ್ರಿಯ ಹಿಮ.
ಕಂಡರೆ ಹತ್ತಿರವೇ ಕಾಣಬೇಕು,
ಕಂಡಮೇಲೆ ಒಂದು ಉಸಿರಿನ ಹೊತ್ತು.
ಅದಕ್ಕೇ ಜೋಡುನಳಿಗೆ. ಅದಕ್ಕೇ ದಪ್ಪ ಚರೆ.

ಎರಡು ವರ್ಷದ ಕೆಳಗೆ ಬ್ಯಾಂಗರಿನ ಆಸ್ಪತ್ರೆಯಲ್ಲಿ
ಅವನ ದನಿಪೆಟ್ಟಿಗೆ ತೆಗೆದರು.
ಈಗ ಉಸಿರೆಲ್ಲ ಕೊರಳ ಕುಳಿಯಿಂದ.
ಮಫ್ಲರಿನ ಅಡಿಯಿಂದ ಹಬೆ ಏಳುತ್ತದೆ,
ಮುಚ್ಚಳ ಸರಿದ ಕೆಟಲಿನಂತೆ.
ನಲವತ್ತು ಚಳಿಗಾಲ ಈ ಹೊಳೆಯ ದಂಡೆಗೆಲ್ಲ
ಗಾಯಗೊಂಡ ಮೊಲವಾಗಿ ಅತ್ತವನು.
ಆ ಪೀಪಿ ಈಗ ನನ್ನ ತುಟಿಗೆ ಬಂದಿದೆ.
ಮರದಲ್ಲಿ ಅವನ ಹಲ್ಲಿನ ಗುರುತು,
ನನ್ನ ಹಲ್ಲು ಅದರೊಳಗೆ ಕೂರುವುದಿಲ್ಲ.

ಇಡೀ ನವೆಂಬರ್ ಉಗ್ರಾಣದಲ್ಲಿ ಪಾಠ.
ನಾನು ಊದುವುದು, ಅವನು ತಲೆಯಾಡಿಸುವುದು: ಇಲ್ಲ.
ಊದುವುದು. ಇಲ್ಲ.
ಕಾರ್ಮೇಲ್ ಅತ್ತೆ ಬಾಗಿಲಿಗೆ ಬಂದು
ಅಯ್ಯೋ, ಹಂದಿ ಹೆರುತ್ತಿದೆಯೇನೋ ಅಂದುಕೊಂಡೆ, ಎಂದಳು.
ಕೊನೆಗೊಂದು ಸಂಜೆ ಪೆನ್ಸಿಲ್ ಒತ್ತಿ ಬರೆದ:
ಕರೆಯುವವಳ ಹಾಗೆ ಅಳಬೇಡ.
ಯಾರೂ ಬರುವುದಿಲ್ಲ ಎಂದು ಗೊತ್ತಿರುವವಳ ಹಾಗೆ ಅಳು.
ಅಂದು ಉಗ್ರಾಣದ ಬೆಕ್ಕು
ತೊಲೆಯಿಂದ ಇಳಿದು ನನ್ನ ಮುಂದೆ ಬಂದು ಕೂತಿತು.

ಹೋದ ವಾರ ಗಬ್ಬದ ಕುರಿ ಎರಡು ಹೋದವು.
ಉಳಿದದ್ದು ಒಂದರ ಕಾಲು, ಬೇಲಿಯ ಮೇಲೆ ಉಣ್ಣೆ.
ಇವತ್ತು ಬೆಳಗಿನ ಜಾವ ಹಿಮದ ಮೆಟ್ಟು ಕಟ್ಟಿಕೊಂಡು
ಒಬ್ಬರ ಹೆಜ್ಜೆಯಲ್ಲಿ ಒಬ್ಬರು ಇಳಿದೆವು.
ಗಾಳಿ ಹೊಳೆಯಿಂದ ಮುಖಕ್ಕೆ.
ನನ್ನ ಎಡಕ್ಕೆ ಆರು ಹೆಜ್ಜೆ ಬಿಟ್ಟು ಅವನು, ತೊಡೆಯ ಮೇಲೆ ಕೋವಿ.

ಅತ್ತೆ.
ಒಂದು ಕೊಂಬೆ ಹಿಮ ಚೆಲ್ಲಿ ಹಗುರಾಯಿತು.
ಅತ್ತೆ.
ಬೂದು ಹಕ್ಕಿಯೊಂದು ಸಾವು ನೋಡಲು ಬಂದು
ಸಾವು ಎಲ್ಲಿ ಎಂಬಂತೆ ನನ್ನನ್ನೇ ನೋಡಿತು.
ಕಾಲ್ಬೆರಳು ಮೊದಲು ನೊಂದವು, ಆಮೇಲೆ ನನ್ನವಲ್ಲವಾದವು.
ನಾನು ಅಳುತ್ತಿರುವುದು ಯಾರಿಗೆ ಎಂಬುದು ಮರೆತು
ಸ್ವಲ್ಪ ಹೊತ್ತು ಬರೀ ಅತ್ತೆ.
ಮುಂದಿನ ಪೊದೆ ಪೊದೆಯಾಗಿಯೇ ಇತ್ತು.

ಸಾಕು, ಎಂದು ಮಾವ ಕೈಯೆತ್ತಿದ.

ತಿರುಗಿದರೆ, ನಾವು ಬಂದ ದಾರಿಯಲ್ಲೇ,
ನಮ್ಮದೇ ಹೆಜ್ಜೆಯ ಮೇಲೆ ಹೆಜ್ಜೆ,
ನನ್ನ ಬೆನ್ನಿಗೆ ಒಂಬತ್ತು ಮಾರು ಕೂಡ ಇಲ್ಲ:
ಕಯೋಟಿ ಬಂದು ಕೂತು ಹೋದ ಜಾಗ.
ಕೂತಲ್ಲಿ ಹಿಮ ಮೈಬಿಸಿಗೆ ಕರಗಿ, ಮತ್ತೆ ಗಾಜುಗಟ್ಟಿತ್ತು.
ಹಿಂದೆ ಬಾಲ ಒಮ್ಮೆ ಗುಡಿಸಿದ ಬೀಸಣಿಗೆ.
ಅವಸರದ ಕುಳಿತವಲ್ಲ ಅದು.
ಮೊದಲಿನಿಂದ ಕೊನೆಯವರೆಗೆ ಕೇಳಿದೆ.

ಮಾವ ಕೈಗವಸು ಕಳಚಿ
ಅಂಗೈಯನ್ನು ಆ ಗಾಜಿನ ಮೇಲಿಟ್ಟ.
ಕೊರಳಿಂದ ಹಬೆ ತುಂಡುತುಂಡಾಗಿ ಹೊರಟಿತು.
ಹೆದರಿ ಹತ್ತಿರ ಹೋದೆ. ನಗುತ್ತಿದ್ದ.
ಚೀಟಿ ತೆಗೆದ:
ನಿನ್ನ ಅಳುವನ್ನು ನಂಬಿತು. ಗಾಳಿಯನ್ನೂ ನಂಬಿತು.

ಕೋವಿ ಮುರಿದು ಎರಡೂ ತೋಟಾ ನನ್ನ ಕೈಗೆ ಹಾಕಿದ,
ತಣ್ಣಗೆ, ಹೊಲಿಗೆ ಬಿಚ್ಚದ ಲಕೋಟೆಗಳ ಹಾಗೆ.

ರಸ್ತೆಗೆ ಹತ್ತುವಾಗ ಹಿಂದಿನಿಂದ ಒಂದು ಊಳು.
ಆಮೇಲೆ ಎರಡು, ಹತ್ತರ ಸದ್ದು ಮಾಡಿಕೊಂಡು.
ಮಾವ ನಿಂತ. ತಿರುಗಿದ. ಬಾಯಿ ತೆರೆದ,
ನಲವತ್ತು ಚಳಿಗಾಲದ ಆಕಾರಕ್ಕೆ ತುಟಿ ದುಂಡಗಾಯಿತು.
ದನಿಯಿಲ್ಲ. ಮಫ್ಲರಿನಿಂದ ಹಬೆ ಮಾತ್ರ
ಒಂದೇ ಎಳೆಯಾಗಿ, ಉದ್ದಕ್ಕೆ, ಮರಗಳ ಕಡೆ.
ಅವು ಸುಮ್ಮನಾದವು.
ನಾನು ಪೀಪಿ ಮುಟ್ಟಲಿಲ್ಲ.

ಕುರಿಗಳಿಗೆ ಹುಲ್ಲು ಹಾಕುವ ಹೊತ್ತಾಗಿತ್ತು.